ಕೊಂಡಿಗೊಂದು ಖಣ

ನನ್ನ ಅತ್ತೆಯ ಜಾಲತಾಣವನ್ನು ಲೋಕದ ಕಣ್ಣಿಂದ ಮರೆ ಮಾಡಿದ ಯಂತ್ರಕ್ಕೆ ಪಾಠ ಹೇಳಿಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರಾದರೂ ಬಂದು, ಕಸ್ತೂರಿ ಅಜ್ಜಿ ತನ್ನ ತಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಥೆ ಹೇಳಿದಳು ಅನ್ನಬಾರದು ನೋಡ್ರಿ.

ನಲವತ್ತು ವರ್ಷದ ಹಿಂದಿನ ಮಾತು. ಈಗಿನ ಹುಡುಗರಿಗೆ ಲಿಂಕು ಅಂದರೆ ಏನಂತ ಗೊತ್ತಿಲ್ಲ. ಗಾಳಿಗೆ ಒಂದು ಪ್ರಶ್ನೆ ಕೇಳುತ್ತಾರೆ, ಗಾಳಿಯಿಂದಲೇ ಉತ್ತರ ಬರುತ್ತದೆ. ಆ ಉತ್ತರ ಯಾರು ಬರೆದದ್ದು, ಯಾವ ಊರಿನವರು, ಬರೆಯುವಾಗ ಅವರ ಒಲೆಯ ಮೇಲೆ ಏನು ಕುದಿಯುತ್ತಿತ್ತು ಅಂತ ಕೇಳುವವರೇ ಇಲ್ಲ. ನಮ್ಮ ಕಾಲದಲ್ಲಿ ಬರೆಯುವ ಹುಚ್ಚಿದ್ದವರಿಗೆಲ್ಲ ಒಂದೊಂದು ತಾಣ ಇರುತ್ತಿತ್ತು. ಬರೆದದ್ದರ ನಡುವೆ ಎರಡು ಪದ ನೀಲಿ ಬಣ್ಣದಲ್ಲಿರುತ್ತಿದ್ದವು. ಅದನ್ನು ಮುಟ್ಟಿದರೆ ಇನ್ನೊಬ್ಬರ ತಾಣ ತೆರೆದುಕೊಳ್ಳುತ್ತಿತ್ತು. ಅದೇ ಲಿಂಕು, ಆಫೀಸಿನ ಭಾಷೆಯಲ್ಲಿ ಕೊಂಡಿ. 'ಇದರ ಬಗ್ಗೆ ನನಗಿಂತ ಆಕೆ ಚೆನ್ನಾಗಿ ಬರೆದಿದ್ದಾಳೆ, ಹೋಗಿ ಓದಿರಿ' ಅಂತ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದು. ಅಷ್ಟು ದೊಡ್ಡ ಮನಸ್ಸಿನ ಜನ ಇದ್ದರು ಆಗ.

ಹುಡುಕುವ ಯಂತ್ರಗಳು ಈ ಬೆರಳುಗಳನ್ನೇ ಎಣಿಸುತ್ತಿದ್ದವು. ಹೆಚ್ಚು ಜನ ಬೆರಳು ತೋರಿಸಿದ ತಾಣ ಮೇಲೆ, ಯಾರೂ ತೋರಿಸದ್ದು ಕೆಳಗೆ. ಇಷ್ಟು ಗೊತ್ತಾದ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಬೆರಳು ಮಾರಾಟಕ್ಕೆ ಬಂತು. ಪುರಾಣ ಬರೆಯುವವರ ತಾಣದಲ್ಲಿ ಕೂದಲೆಣ್ಣೆಯ ಲಿಂಕು, ಮಕ್ಕಳ ಪದ್ಯದ ನಡುವೆ ಜೂಜಾಟದ ಲಿಂಕು. ಹಾಗೆ ಮಾರಿದವರಿಗೆ ಯಂತ್ರಗಳು ದಂಡನೆ ಕೊಡುತ್ತಿದ್ದವು, ನಿಜ. ಆದರೆ ಯಾವುದು ಮಾರಿದ್ದು, ಯಾವುದು ಮನಸ್ಸಿಂದ ಕೊಟ್ಟದ್ದು ಅಂತ ಗುರುತಿಸುವುದು ಯಾರಿಗೂ ಬಗೆಹರಿದಿರಲಿಲ್ಲ.

ನಾನು ಕೆಲಸಕ್ಕಿದ್ದ 'ಸುಳಿವು' ಅನ್ನುವ ಯಂತ್ರ ಅದನ್ನು ಬಗೆಹರಿಸಿತು. ಉಪಾಯ ಬಹಳ ಸರಳ. ಲಿಂಕನ್ನು ನೋಡಬೇಡ, ಲಿಂಕು ಕೊಟ್ಟ ಮೇಲೆ ತಿರುಗಿ ಏನು ಬಂತು ಅದನ್ನು ನೋಡು. ಆ ಹೊತ್ತಿಗೆ ಅಂಚೆಯ ಪಾರ್ಸಲ್ಲು, ಬಸ್ಸಿನಲ್ಲಿ ಹಾಕಿ ಕಳಿಸಿದ ಗಂಟು, ಎಲ್ಲವೂ ಯಾರಿಂದ ಯಾರಿಗೆ ಹೋಯಿತು ಅಂತ ಯಂತ್ರಕ್ಕೆ ಕಾಣುತ್ತಿತ್ತು. ಒಬ್ಬರು ಲಿಂಕು ಕೊಟ್ಟ ತೊಂಬತ್ತು ದಿನದೊಳಗೆ ಆ ಕಡೆಯಿಂದ ಏನಾದರೂ ವಸ್ತು ಬಂದರೆ ಅದು ಮಾರಾಟ. ಇದಕ್ಕೆ ನಾವು 'ಮರುಹರಿವು' ಅಂತ ಹೆಸರಿಟ್ಟಿದ್ದೆವು.

ಯಂತ್ರ ಕಲಿಯುವಾಗ ಅದಕ್ಕೆ ಸಾವಿರಾರು ಉದಾಹರಣೆ ತೋರಿಸಿ, ಇದು ಮಾರಾಟ, ಇದು ಅಲ್ಲ ಅಂತ ಗುರುತು ಹಾಕಿಕೊಡಬೇಕಿತ್ತು. ಕನ್ನಡದ ಪಾಲು ನನ್ನದು. ವಸ್ತು ತಿರುಗಿ ಬಂದ ಕಡೆಯೆಲ್ಲ ಕಣ್ಣು ಮುಚ್ಚಿ 'ಮಾರಾಟ' ಅಂತ ಒತ್ತಿದೆ. ನನ್ನ ತಲೆಯಲ್ಲಿದ್ದವರು ಕೂದಲೆಣ್ಣೆಯವರು. ನಮ್ಮ ಮನೆಯ ಅಡುಗೆಕೋಣೆ ನೆನಪೇ ಆಗಲಿಲ್ಲ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಹಳೇ ಊರಿನ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದಾಗ ಜನರನ್ನು ಎಬ್ಬಿಸಿ ತಂದು ಕೂಡಿಸಿದ ಊರು ಇದು. ಓಣಿಗೆ ಹೆಸರಿಲ್ಲ, ಬರೀ ಸೆಕ್ಟರ್ ನಂಬರು. ನನ್ನ ಅತ್ತೆ ನೀಲಾಂಬಿಕಾ, ಎಲ್ಲರ ಬಾಯಲ್ಲೂ ನೀಲಕ್ಕ. ಅವರ ತವರುಮನೆ ನೀರಿನಡಿ ಹೋದದ್ದು. ಐವತ್ತರ ಹತ್ತಿರ ಬಂದಾಗ ಅವರು 'ಹಳೇ ಬಾಗಲಕೋಟಿ ಅಡಗಿ' ಅಂತ ಒಂದು ತಾಣ ಮಾಡಿಕೊಂಡು ಬರೆಯಲು ಕೂತರು. ಮಾದಲಿ, ಹಿಂಡಿಪಲ್ಯ, ನುಚ್ಚಿನುಂಡಿ, ಉದುರುಬ್ಯಾಳಿ. ಅಳತೆ ಗಿಳತೆ ಏನೂ ಇಲ್ಲ. 'ಉಪ್ಪು ನಿಮ್ಮ ಅತ್ತಿ ಎಷ್ಟು ಹಾಕ್ತಾಳ ಅದಕ್ಕಿಂತ ಒಂಚೂರು ಕಡಿಮಿ ಹಾಕ್ರಿ' ಅಂತ ಬರೆದಿದ್ದರು ಒಂದು ಕಡೆ. ನಾನು ಓದಿ ಅವರ ಮುಖ ನೋಡಿದೆ. ಅವರು ನೋಡಿಯೂ ನೋಡದವರಂತೆ ಸೊಪ್ಪು ಸೋಸುತ್ತಿದ್ದರು.

ನಮ್ಮ ಕಡೆ ಪಕ್ಕದ ಮನೆಯಿಂದ ಪಲ್ಯ ತುಂಬಿ ಬಂದ ಡಬ್ಬಿಯನ್ನು ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ನಮ್ಮ ಅತ್ತೆಗೆ ಲಿಂಕು ಅಂದರೂ ಅಷ್ಟೇ. ಯಾರೋ ಹೆಣ್ಣುಮಗಳು ತನ್ನ ತಾಣದಲ್ಲಿ ಇವರ ಹೆಸರು ಹಾಕಿದಳೆಂದರೆ ಡಬ್ಬಿ ಬಂತು ಅಂತ ಲೆಕ್ಕ. ಕೂಡಲೇ ಇವರೂ ಆಕೆಗೊಂದು ಲಿಂಕು ಕೊಡುವುದು, ಮೇಲೆ ಗುಳೇದಗುಡ್ಡದ ಒಂದು ಕುಬಸದ ಖಣ ಪಾರ್ಸಲ್ ಮಾಡುವುದು. ಆ ಕಡೆಯವರು ಬಿಟ್ಟಾರೆಯೇ? ಅಲ್ಲಿಂದ ಸಂಡಿಗೆ, ಗುರೆಳ್ಳು ಪುಡಿ, ಹಪ್ಪಳ. ಹಾಗೆ ನೂರಾ ನಲವತ್ತಮೂರು ಹೆಣ್ಣುಮಕ್ಕಳ ಬಳಗ ಕಟ್ಟಿಕೊಂಡಿದ್ದರು, ಅರ್ಧಕ್ಕರ್ಧ ಜನರ ಮುಖ ನೋಡಿದವರಲ್ಲ. ಸಾಲದ್ದಕ್ಕೆ ತಾಣದಲ್ಲೇ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದರು: 'ಲಿಂಕ ಕೊಟ್ಟಿದ್ದಕ್ಕ ಅಥಣಿ ಶಕುಂತಲಾಗ ಖಣ ಕಳಿಸೀನಿ. ಮುಟ್ಟಿತೇನು ತಿಳಿಸವಾ.'

ಇಷ್ಟೆಲ್ಲ ಯಾತಕ್ಕೆ ಅಂತ ನನಗೆ ಗೊತ್ತಾದದ್ದು ಮದುವೆಯಾಗಿ ನಾಲ್ಕು ವರ್ಷದ ಮೇಲೆ. ಒಂದು ಮಧ್ಯಾಹ್ನ ನಾನು ತಮಾಷೆಗೆ, ಅತ್ತೀ, ನೀವು ಬರೆಯೋದು ಬಿಟ್ಟರೆ ಯಾರ ಮನೆಯಲ್ಲಿ ಅಡುಗೆ ನಿಲ್ಲುತ್ತದೆ ಅಂತ ಕೇಳಿದೆ. ಅವರು ನಗಲಿಲ್ಲ. ತಮಗೊಬ್ಬ ತಂಗಿ ಇದ್ದಳು ಅಂದರು. ದಾನಮ್ಮ. ಮುಳುಗಡೆಯ ಮನೆಗಳನ್ನು ಅಳೆಯಲು ಸರ್ವೇದವರು ಬಂದಿದ್ದರಂತೆ. ಟೇಪಿನ ಆ ತುದಿ ಹಿಡಿದವನ ಜೊತೆ ದಾನಮ್ಮ ಹೋಗಿಬಿಟ್ಟಳು. ಅವನು ಇವರ ಜಾತಿಯವನಲ್ಲ. ಅಪ್ಪ ಹೆಸರೆತ್ತಬೇಡಿ ಅಂದರು, ಯಾರೂ ಎತ್ತಲಿಲ್ಲ. ಮೂರು ವರ್ಷದಲ್ಲಿ ಮನೆ ಮುಳುಗಿತು, ಓಣಿ ಮುಳುಗಿತು, ಅಪ್ಪ ಅವ್ವ ಇಬ್ಬರೂ ಹೋದರು.

"ಆಕಿಗೆ ಗೊತ್ತಿದ್ದ ವಿಳಾಸ ನೀರಾಗ ಐತಿ," ಅಂದರು ಅತ್ತೆ. "ಬರಬೇಕಂದ್ರೂ ಎಲ್ಲಿಗೆ ಬರಬೇಕು ಆಕಿ?"

ಮನುಷ್ಯರನ್ನು ಹೆಸರು ಹೇಳಿ ಹುಡುಕುವಂತಿರಲಿಲ್ಲ ಆಗ. ಬಿಟ್ಟು ಹೋದವರನ್ನು ಬೆನ್ನಟ್ಟಿ ಹಿಡಿಯಬಾರದು ಅಂತ ಕಾನೂನೇ ಬಂದಿತ್ತು, ಒಳ್ಳೆಯ ಕಾನೂನು. ಅಡುಗೆಯನ್ನು ಮಾತ್ರ ಯಾರು ಬೇಕಾದರೂ ಹುಡುಕಬಹುದಿತ್ತು. ದಾನಿ ಎಲ್ಲೇ ಇರಲಿ, ಎಂದಾದರೂ ಒಂದು ದಿನ ಅವ್ವ ಮಾಡುತ್ತಿದ್ದದ್ದು ತಿನ್ನಬೇಕು ಅನ್ನಿಸುತ್ತದೆ, ಸುಳಿವಿಗೆ ಕೇಳುತ್ತಾಳೆ, ಆಗ ಎಲ್ಲಕ್ಕಿಂತ ಮೊದಲು ತನ್ನ ಹೆಸರು ಬರಬೇಕು. ನೀಲಕ್ಕನ ಯೋಜನೆ ಇಷ್ಟೇ. ಅದಕ್ಕಾಗಿ ಹದಿನೇಳು ವರ್ಷದಿಂದ ಬರೆಯುತ್ತಿದ್ದರು. ಅದನ್ನು ಕೇಳಿದ ಮೇಲೆ ನಾನು ಇನ್ನೊಮ್ಮೆ ಆ ತಮಾಷೆ ಮಾಡಲಿಲ್ಲ.

ಸುಳಿವಿನ ಕನ್ನಡ ವಿಭಾಗ ನಮ್ಮ ಊರಲ್ಲೇ ಇತ್ತು. ಒಳಗಿನ ದೊಡ್ಡ ಕೋಣೆಗೆ ತೂಕದ ಕೋಣೆ ಅನ್ನುತ್ತಿದ್ದೆವು. ಗೋಡೆ ತುಂಬ ಒಂದು ಪರದೆ. ಪ್ರತಿ ತಾಣಕ್ಕೂ ಒಂದು ಬೆಳಕಿನ ಚುಕ್ಕೆ, ಪ್ರತಿ ಕೊಂಡಿಗೂ ಒಂದು ಬಿಳಿ ದಾರ. ಮಾರಾಟದ ಕೊಂಡಿ ಕೆಂಪಾಗುತ್ತಿತ್ತು. ಕೆಂಪು ದಾರ ಹತ್ತು ದಾಟಿದರೆ ಆ ಚುಕ್ಕೆ ಮಬ್ಬಾಗುತ್ತಿತ್ತು. ಮಬ್ಬಾಯಿತೆಂದರೆ ತಾಣ ಇರುತ್ತದೆ, ಆದರೆ ಯಾರು ಕೇಳಿದರೂ ಸುಳಿವು ಅದರ ಹೆಸರು ಹೇಳುವುದಿಲ್ಲ. ಪೂರ್ತಿ ವಿಳಾಸ ಗೊತ್ತಿದ್ದವರು ಮಾತ್ರ ಹೋಗಬಹುದು. ವಿಳಾಸ ಬರೆದಿಟ್ಟುಕೊಳ್ಳುವ ರೂಢಿ ಆ ಹೊತ್ತಿಗೆ ಯಾರಿಗೂ ಉಳಿದಿರಲಿಲ್ಲ.

ಮರುಹರಿವಿನ ಪರೀಕ್ಷೆ ಶುರುವಾದ ವಾರ ನಮಗೆ ಹಬ್ಬ. ಕೂದಲೆಣ್ಣೆಯವರು ಮಬ್ಬಾದರು, ಜೂಜಾಟದವರು ಸಾಲು ಹಿಡಿದು ಮಬ್ಬಾದರು. ವಿಭಾಗದ ಮುಖ್ಯಸ್ಥರಾದ ಬಾಗವಾನ ಸರ್ ಎಲ್ಲರಿಗೂ ಪೇಢೆ ಹಂಚಿದರು. ಹತ್ತನೇ ದಿನ ಪರದೆಯ ಒಂದು ಮೂಲೆಯಲ್ಲಿ ಕೆಂಪು ದಾರಗಳ ಒಂದು ದೊಡ್ಡ ಗಂಟು ಕಾಣಿಸಿತು. ಯಾರೋ ಭಾರೀ ವ್ಯಾಪಾರಿ ಸಿಕ್ಕ ಅಂತ ಖುಷಿಯಿಂದ ಹಿಗ್ಗಿಸಿ ನೋಡಿದೆ. ನೂರಾ ನಲವತ್ತಮೂರು ಕೊಂಡಿ, ಪ್ರತಿಯೊಂದಕ್ಕೂ ವಸ್ತು ಹೋಗಿದೆ, ವಸ್ತು ಬಂದಿದೆ. ಕೆಳಗೆ ಯಂತ್ರದ ಟಿಪ್ಪಣಿ: 'ತಾಣದ ಒಡತಿ ಮಾರಾಟವನ್ನು ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ.' ಮೇಲೆ ಹೆಸರು, ಹಳೇ ಬಾಗಲಕೋಟಿ ಅಡಗಿ. ನಾನು ನೋಡುತ್ತಿದ್ದ ಹಾಗೆಯೇ ಚುಕ್ಕೆ ಮಬ್ಬಾಯಿತು.

ಸಂಜೆ ಮನೆಗೆ ಹೋಗಿ ಹೇಳಿದೆ. ಅತ್ತೆ ಮೊದಲು ನಕ್ಕರು. ನಾ ಯಾವ ಅಂಗಡಿ ಇಟ್ಟೀನವಾ, ಖಣ ಕೊಟ್ಟು ಲಿಂಕ ಕೊಳ್ಳಾಕ ಅಂದರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಸೆರಗಿಗೆ ಕೈ ಒರೆಸಿಕೊಂಡು, ಗೋಡೆಯ ಮೇಲಿದ್ದ, ಕೇಳಿದ್ದಕ್ಕೆ ಉತ್ತರ ಹೇಳುವ ಸುಳಿವಿನ ಬಿಲ್ಲೆಯ ಮುಂದೆ ನಿಂತು, ಹಳೇ ಬಾಗಲಕೋಟೆಯ ಮಾದಲಿ ಹೇಗೆ ಮಾಡುತ್ತಾರೆ ಅಂತ ಕೇಳಿದರು. ಸುಳಿವು ಬೇರೆ ಯಾರದೋ ಮಾದಲಿ ಹೇಳಿತು, ಗೋಡಂಬಿ ಹಾಕಿದ್ದು. ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಒಂದರಲ್ಲೂ ಅವರ ಹೆಸರು ಬರಲಿಲ್ಲ.

"ದಾನಿ ಕೇಳಿದ್ರೂ ಹಿಂಗ ಹೇಳತೈತೇನು?" ಅಂದರು.

ಹೌದು ಅಂದೆ. ಅವರು ಆ ಬಿಲ್ಲೆಯ ಮುಂದೆಯೇ ನೆಲದ ಮೇಲೆ ಕೂತುಬಿಟ್ಟರು.

ಮರುದಿನ ಬಾಗವಾನ ಸರ್ ಹತ್ತಿರ ಹೋದೆ. ಇದು ನಮ್ಮ ಅತ್ತೆಯದು, ಇದು ವ್ಯಾಪಾರವಲ್ಲ, ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿಲ್ಲವೇ, ನೀವೂ ಇಲ್ಲಿಯವರೇ ಅಲ್ಲವೇ ಅಂತ ಜಗಳಕ್ಕೇ ನಿಂತೆ. ಅವರು ಸಿಟ್ಟಾಗಲಿಲ್ಲ. ತಮ್ಮ ಮನೆಯಲ್ಲೂ ಡಬ್ಬಿ ಖಾಲಿ ಹೋಗುವುದಿಲ್ಲ, ಈದ್ ದಿನ ಸುರಕುಂಬಾ ಕಳಿಸಿದರೆ ನಿಮ್ಮತ್ತೆ ಹೋಳಿಗೆ ಹಾಕದೆ ತಿರುಗಿಸಿದವರಲ್ಲ ಅಂದರು. ಆಮೇಲೆ ಒಂದು ಮಾತು ಕೇಳಿದರು.

"ಕೂದಲೆಣ್ಣಿಯವನೂ ಪ್ರೀತಿಯಿಂದನ ಕೊಟ್ಟೀನಿ ಅಂದಿದ್ದ, ಕಸ್ತೂರಿ. ಅವನನ್ನ ಮತ್ತ ನಿಮ್ಮತ್ತಿನ್ನ ಬ್ಯಾರೆ ಮಾಡೂದು ಹೆಂಗ ಅಂತ ಯಂತ್ರಕ್ಕ ಹೇಳಿಕೊಡು. ನಾ ಈಗಿಂದೀಗ ಬಿಡತೀನಿ."

ನಾನು ಮೂರು ದಿನ ಕೂತು ಯೋಚಿಸಿದೆ. ಖಣದ ಬೆಲೆ ಕಡಿಮೆ ಅಂತ ಹೇಳಲೇ? ಎಣ್ಣೆಯ ಶೀಶೆ ಅದಕ್ಕಿಂತ ಕಡಿಮೆ. ಹೆಣ್ಣುಮಕ್ಕಳು ಅಂತ ಹೇಳಲೇ? ಜೂಜಾಟದ ಲಿಂಕು ಮಾರಿದವರಲ್ಲಿ ಹೆಣ್ಣುಮಕ್ಕಳು ಇರಲಿಲ್ಲವೇ? ಯಂತ್ರಕ್ಕೆ ಕಾಣುವುದು ವಸ್ತು ಹೋದದ್ದು, ವಸ್ತು ಬಂದದ್ದು, ಅಷ್ಟೇ. ಅದಕ್ಕೆ ಹಾಗೆ ನೋಡಲು ಕಲಿಸಿದವಳು ನಾನು. ಸೋತೆ ಅಂತ ಒಪ್ಪಿಕೊಂಡು ಮನವಿಯ ಅರ್ಜಿ ತೆಗೆದುಕೊಂಡು ಮನೆಗೆ ಬಂದೆ.

ಅರ್ಜಿಯ ನಿಯಮ ಇಷ್ಟು. ಮೂವತ್ತು ದಿನದೊಳಗೆ ಕೆಂಪು ಕೊಂಡಿಗಳನ್ನು ಒಂದೊಂದಾಗಿ ಕಡಿಯಬೇಕು. ಕಡಿಯಲು ಕೊಂಡಿಯ ಎರಡು ಬದಿಯಲ್ಲಿ ಯಾರಾದರೂ ಒಬ್ಬರು ಒಂದು ಘೋಷಣೆಗೆ ಬೆರಳು ಒತ್ತಬೇಕು: 'ನನಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ಇನ್ನು ಮುಂದೆ ಇರುವುದೂ ಇಲ್ಲ.' ಒಮ್ಮೆ ಒತ್ತಿ ಮನವಿ ಮಂಜೂರಾದರೆ ಆ ಇಬ್ಬರ ನಡುವೆ ಮತ್ತೆಂದೂ ಲಿಂಕು ಇರುವಂತಿಲ್ಲ, ಪಾರ್ಸಲ್ಲು ಹೋಗುವಂತಿಲ್ಲ. ಎಲ್ಲ ಕಡಿದಾದ ಮೇಲೆ ಮಬ್ಬು ತೆಗೆಯುತ್ತಾರೆ.

ಅತ್ತೆ ಅರ್ಜಿಯನ್ನು ಎರಡು ಸಲ ಓದಿಸಿಕೊಂಡರು. ಬರುವುದಿಲ್ಲ ಅಂದರು. ನಾನು ತಿಳಿಸಿ ಹೇಳಿದೆ. ಬರೀ ಬೆರಳು ಒತ್ತುವ ಕೆಲಸ, ಮನಸ್ಸಿನಲ್ಲಿ ಸಂಬಂಧ ಇಟ್ಟುಕೊಳ್ಳಿ ಬೇಕಾದರೆ. ದಾನಮ್ಮ ಚಿಗತ್ತೆಗಾಗಿ ಒತ್ತಿರಿ ಅಂದೆ. ಆಗ ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ನನಗೆ ಅಷ್ಟು ವರ್ಷದಲ್ಲಿ ಒಂದು ದಿನವೂ ಗದರಿದವರಲ್ಲ.

"ಈ ಮಾತು ನಮ್ಮಪ್ಪ ಪೇಪರಿನಾಗ ಬರಸಿದ್ದ," ಅಂದರು. "ಇದೇ ಮಾತು, ಇಷ್ಟೇ ಅಕ್ಷರ. ನನ್ನ ಮಗಳು ದಾನಮ್ಮಗೂ ನನಗೂ ಯಾವ ಸಂಬಂಧಾನೂ ಇಲ್ಲ ಅಂತ. ಬರದು ಕೊಡಾಕ ಅವನಿಗೆ ಕೈ ನಡಗತಿತ್ತು, ಅದಕ್ಕ ನನ್ನ ಕಡೆ ಬರಸಿದ. ಬರದ ಕೈ ಇದು. ಇನ್ನೊಮ್ಮೆ ಬರಿಯೂದಿಲ್ಲ."

ನಾನು ಅರ್ಜಿ ಮಡಚಿಟ್ಟೆ. ಅಳು ಬಂತು, ಅಳಲಿಲ್ಲ. ಮರುದಿನ ಆಫೀಸಿಗೆ ಹೋಗಿ ಅವರಿಗೆ ಹೇಳದೆ ಕೇಳದೆ ಅರ್ಜಿ ಸಲ್ಲಿಸಿ, ನೂರಾ ನಲವತ್ತಮೂರು ಜನಕ್ಕೂ ಪತ್ರ ಬರೆದೆ. ನೀಲಕ್ಕನ ತಾಣ ಮಬ್ಬಾಗಿದೆ, ಆಕೆಯ ತಂಗಿಗೆ ಆಕೆ ಸಿಗುವ ದಾರಿ ಅದೊಂದೇ, ಆಕೆ ತನ್ನ ಕೈಯಾರೆ ನಿಮ್ಮನ್ನು ಕಡಿಯಲು ಒಪ್ಪುತ್ತಿಲ್ಲ, ನೀವೇ ಕಡಿದುಕೊಂಡರೆ ಆಕೆ ಉಳಿಯುತ್ತಾಳೆ ಅಂತ. ಬರೆಯುವಾಗ ನಾಚಿಕೆಯಾಯಿತು. ಆದರೆ ಬರೆದೆ.

ಪತ್ರ ಹೋದ ಮೇಲಿನ ಮೂರು ದಿನ ನಾನು ತೂಕದ ಕೋಣೆಯಲ್ಲಿ ನೋಡಿದ್ದನ್ನು ಈಗಲೂ ಮರೆತಿಲ್ಲ. ಕೆಂಪು ದಾರಗಳು ಒಂದೊಂದಾಗಿ ಆರತೊಡಗಿದವು. ಅಥಣಿಯದು ಆರಿತು, ಜಮಖಂಡಿಯದು ಆರಿತು, ಎಲ್ಲೋ ದೂರದ ಮಸ್ಕತ್ತಿನದು ಆರಿತು. ಯಾರೂ ತಡ ಮಾಡಲಿಲ್ಲ. ಒತ್ತಿದ ಮೇಲೆ ನನಗೆ ಒಂದೊಂದು ಸಾಲು ಬರೆದು ಕಳಿಸಿದರು. ನೀಲಕ್ಕನ ಮುಂದೆ ನಾವು ಒತ್ತಿದೆವು ಅಂತ ಹೇಳಬೇಡ, ನಾವೇ ಮರೆತೆವು ಅಂದುಕೊಳ್ಳಲಿ ಅಂತ ಒಬ್ಬಾಕೆ. ಮಗಳ ಬಾಣಂತನಕ್ಕೆ ಆಕೆ ಬರೆದದ್ದನ್ನೇ ಓದಿ ಅಡುಗೆ ಮಾಡಿದವಳು ನಾನು, ಸಂಬಂಧ ಇಲ್ಲ ಅಂತ ಒತ್ತುವಾಗ ದೇವರಿಗೆ ಕೈಮುಗಿದು ಒತ್ತಿದೆ ಅಂತ ಇನ್ನೊಬ್ಬಾಕೆ. ನೂರಾ ನಲವತ್ತೆರಡು ದಾರ ಆರಿದವು.

ಒಂದು ಉಳಿಯಿತು. ಸೋಲಾಪುರದ ಸ್ವಾತಿ ಅನ್ನುವಾಕೆಯದು. ಶೇಂಗಾ ಚಟ್ನಿಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದಳು, ಹನ್ನೊಂದು ವರ್ಷದ ಹಿಂದಿನ ಲಿಂಕು. ಸೋಲಾಪುರದಲ್ಲಿ ಕನ್ನಡದವರಿಗೇನು ಬರವೇ, ಯಾರೂ ವಿಶೇಷವಾಗಿ ಗಮನಿಸಿರಲಿಲ್ಲ. ಖಣ ಕಳಿಸಿದ್ದು ಒಂದು ಕಿರಾಣಿ ಅಂಗಡಿಯ ವಿಳಾಸಕ್ಕೆ. ಎರಡನೇ ಪತ್ರ ಬರೆದೆ, ಮೂರನೆಯದು ಬರೆದೆ. ಉತ್ತರವಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ಮಾಡಿದ್ದಾರೆ, ಈಕೆಗೇನು ಧಾಡಿ ಅಂತ ಬಾಗವಾನ ಸರ್ ಮುಂದೆ ಬಾಯಿಗೆ ಬಂದ ಹಾಗೆ ಬೈದೆ. ಅವರು ನಕ್ಕು, ಒತ್ತದವರಿಗೆ ಕಾರಣ ಬರೆಯಲು ಒಂದು ಜಾಗ ಇರುತ್ತದೆ, ಅದನ್ನು ನೋಡಿದ್ದೀಯಾ ಅಂದರು. ನೋಡಿರಲಿಲ್ಲ. ತೆರೆದೆ. ಅಂದೇ ಬೆಳಿಗ್ಗೆ ಬರೆದದ್ದು ಇತ್ತು.

'ನಮ್ಮಪ್ಪ ಒಮ್ಮೆ ಪೇಪರಿನಾಗ ಬರಸಿದ್ದು ಸಾಕು. ನಾ ಒತ್ತೂದಿಲ್ಲ. ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ.'

ನಾನು ಅದನ್ನು ಎಷ್ಟು ಸಲ ಓದಿದೆನೋ. ಬಾಗವಾನ ಸರ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು, ಒಡಹುಟ್ಟಿದವರ ನಡುವಿನ ಕೊಡು ಕೊಳ್ಳುವುದನ್ನು ಮರುಹರಿವು ಅಂತ ಹಿಡಿಯುವುದಿಲ್ಲ, ನಿಯಮದಲ್ಲೇ ಇದೆ. ಈ ಕೊಂಡಿ ಇರಲಿ, ಉಳಿದವೆಲ್ಲ ಕಡಿದಿವೆ, ನಾಳೆ ಬಂದು ಒಂದು ಗುಂಡಿ ಒತ್ತು, ನಿಮ್ಮತ್ತೆಯ ತಾಣ ಬೆಳಗುತ್ತದೆ.

ಮನೆಗೆ ಓಡಿದೆ. ಮೂವತ್ತನಾಲ್ಕು ವರ್ಷದವಳು, ನಡುರಸ್ತೆಯಲ್ಲಿ ಅಕ್ಷರಶಃ ಓಡಿದೆ. ಅತ್ತೆ ಓದಿದರು. ಮೂಗಿನ ಮೇಲೆ ಕನ್ನಡಕ ಇದ್ದರೂ ನನ್ನ ಚಾಳೀಸು ಎಲ್ಲಿ ಅಂತ ಹುಡುಕಿದರು. ಮೊದಲು ಬಂದದ್ದು ಸಿಟ್ಟೇ. ಹನ್ನೊಂದು ವರ್ಷ ನನ್ನ ಖಣ ತೊಟ್ಟಾಳ, ಒಂದು ಮಾತು ಆಡಲಿಲ್ಲ, ಎಂಥ ಕಲ್ಲು ಮನಸ್ಸು ಅಂತ ಕೂಗಾಡಿದರು. ಕೂಗಾಡುತ್ತಲೇ ಅತ್ತರು. ನಾನೇ ಆ ಕಿರಾಣಿ ಅಂಗಡಿಗೆ ಫೋನು ಹಚ್ಚಿದೆ. ಅಂಗಡಿ ಅವರದೇ. ಟೇಪಿನ ತುದಿ ಹಿಡಿದಿದ್ದ ಆ ಸರ್ವೇ ಹುಡುಗ ಈಗ ಅಲ್ಲಿ ಬೆಲ್ಲ ತೂಗುವ ಮುದುಕ. ಆಮೇಲೆ ತಿಳಿಯಿತು, ಮದುವೆಯಲ್ಲಿ ಸೊಸೆಗೆ ಬೇರೆ ಹೆಸರಿಡುವುದು ಅವರ ಮನೆಯ ರೂಢಿ, ಹಾಗೆ ದಾನಮ್ಮ ಸ್ವಾತಿಯಾದದ್ದು.

ಆ ಕಡೆ ದಾನಮ್ಮ ಚಿಗತ್ತೆಯೇ ಬಂದಾಗ ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಮೊದಲು ಕೇಳಿದ್ದೇ, ಯಾಕ ಹೇಳಲಿಲ್ಲ ಅಂತ.

"ಹೇಳಿದ ಮ್ಯಾಲೆ ನೀ ಸಂಬಂಧ ಬ್ಯಾಡ ಅಂದಿದ್ರ, ಇದ್ದ ಆ ಒಂದು ಲಿಂಕೂ ಹೋಗತಿತ್ತಲ್ಲಕ್ಕಾ," ಅಂತು ಆ ಕಡೆಯ ದನಿ. "ಅಂಜಿ ಸುಮ್ಮನಿದ್ದೆ. ದಿನಾ ಮುಂಜಾನೆ ನೀ ಏನು ಬರದೀ ಅಂತ ಓದತಿದ್ದೆ. ಅಷ್ಟ ಸಾಕಾಗಿತ್ತು."

ನಾಳೆಯೇ ಹೊರಟು ಬಾ ಅಂದರು ಅತ್ತೆ. ಆಕೆ ಬರುತ್ತೇನೆ ಅಂದಳು.

ಮರುದಿನ ಬೆಳಿಗ್ಗೆ, ದಾರಗಳೆಲ್ಲ ಕಡಿದಿವೆ, ಇವತ್ತು ತಾಣ ಬೆಳಗುತ್ತದೆ ಅಂತ ಹೇಳಿ ನಾನು ಆಫೀಸಿಗೆ ಹೊರಡುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಉಳಿದವರ ದಾರ ಹೇಗೆ ಕಡಿಯಿತು, ನಾನಂತೂ ಒತ್ತಲಿಲ್ಲವಲ್ಲ ಅಂತ ಕೇಳಿದರು. ಮುಚ್ಚಿಡಲು ನನಗೆ ಬರಲಿಲ್ಲ. ಎಲ್ಲ ಹೇಳಿದೆ. ಆ ಬಾಣಂತನದಾಕೆಯ ಸಾಲನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ.

"ಅಷ್ಟೂ ಮಂದಿ ನನ್ನ ಸಲುವಾಗಿ ಸುಳ್ಳು ಬರದು ಕೊಟ್ಟಾರ," ಅಂದರು. "ಅರ್ಜಿ ಹಿಂದ ತಗೊ, ಕಸ್ತೂರಿ. ಅವರ ಸುಳ್ಳು ಅಳಿಸಿ ಹೋಗಲಿ."

ಹಾಗೆ ಮಾಡಿದರೆ ತಾಣ ಶಾಶ್ವತವಾಗಿ ಮಬ್ಬು, ಎರಡನೇ ಮನವಿ ಇಲ್ಲ, ಇನ್ನು ಯಾರಿಗೂ ನೀವು ಸಿಗುವುದಿಲ್ಲ ಅಂತ ಹೇಳಿದೆ. ಹದಿನೇಳು ವರ್ಷ ಬರೆದದ್ದು ಅಂತಲೂ ಹೇಳಿದೆ.

"ಸಿಗಬೇಕಾದಾಕಿಗೆ ಸಿಕ್ಕೀನಿ," ಅಂದರು. "ಉಳಿದವರು ಆಗಲೇ ನನ್ನ ಕಡೆ ಅದಾರ. ಅವರನ್ನ ಬಿಟ್ಟು ಆ ಯಂತ್ರದ ಮುಂದ ಮೆರದು ಏನು ಮಾಡ್ಲಿ?"

ಬಾಗವಾನ ಸರ್ ನನ್ನನ್ನು ನಂಬಲಿಲ್ಲ. ಒಂದು ಗುಂಡಿ ಒತ್ತುವುದು ಬಾಕಿ, ಈಗ ಬೇಡ ಅನ್ನುತ್ತೀಯಲ್ಲ ಅಂದರು. ಹಿಂದಕ್ಕೆ ಪಡೆಯಲು ಕಾರಣ ಬರೆಯಬೇಕಿತ್ತು. 'ವಸ್ತು ಕೊಟ್ಟದ್ದು ನಿಜ, ವಸ್ತು ಬಂದದ್ದು ನಿಜ, ಸಂಬಂಧ ಇರುವುದೂ ನಿಜ' ಅಂತ ಬರೆದೆ. ಅವರು ಓದಿ ಸಹಿ ಹಾಕಿದರು. ಪರದೆಯ ಮೇಲೆ ಆರಿದ್ದ ದಾರಗಳೆಲ್ಲ ಒಂದೇ ಸಲಕ್ಕೆ ಕೆಂಪಾಗಿ ಹೊತ್ತಿಕೊಂಡವು, ನಡುವಿನ ಚುಕ್ಕೆ ಮಾತ್ರ ಮಬ್ಬು. ನಾನು ಆ ಯಂತ್ರಕ್ಕೆ ಕಲಿಸಿದ ತಪ್ಪನ್ನು ತಿದ್ದಲು ನನ್ನಿಂದ ಕೊನೆಗೂ ಆಗಲಿಲ್ಲ. ಅದರ ಬೇಸರ ಈಗಲೂ ಇದೆ.

ಆಮೇಲೆ ಆ ತಾಣ ಹನ್ನೆರಡು ವರ್ಷ ನಡೆಯಿತು, ಯಾವ ಯಂತ್ರಕ್ಕೂ ಸಿಗದೆ. ವಿಳಾಸವನ್ನು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಬಾಯಿಂದ ಹೇಳಿ, ಹಪ್ಪಳದ ಪೊಟ್ಟಣದ ಮೇಲೆ ಬರೆದು ದಾಟಿಸಿದರು. ಈಗ ಅದೂ ಇಲ್ಲ, ಯಾರ ತಾಣವೂ ಇಲ್ಲ. ಅಕ್ಕ ತಂಗಿಯರೂ ಇಲ್ಲ.

ಆದರೆ ಅರ್ಜಿ ಹಿಂದಕ್ಕೆ ಪಡೆದ ಅವತ್ತಿನ ಸಂಜೆ ಇದೆಯಲ್ಲ, ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಚಿಗತ್ತೆ ನವನಗರ ನೋಡಿದವಳೇ ಅಲ್ಲ, ಪಾರ್ಸಲ್ಲಿನ ಮೇಲೆ ಬರೆದ ಸೆಕ್ಟರ್ ನಂಬರು ಬಿಟ್ಟರೆ ದಾರಿ ಗೊತ್ತಿಲ್ಲ. ಸುಳಿವಿಗೆ ಕೇಳಿದರೆ ಮನುಷ್ಯರ ಮನೆ ಹೇಳುವುದಿಲ್ಲ. ಬಸ್ಸಿಳಿದು ಆಟೋದವನಿಗೆ, ಹೂವಿನಾಕೆಗೆ, ಗಿರಣಿಯವನಿಗೆ, ನೀಲಕ್ಕನ ಮನಿ ಯಾವುದ್ರಿ ಅಂತ ಕೇಳುತ್ತ, ಅವರು ತೋರಿಸಿದ ಕಡೆ ನಡೆಯುತ್ತ ಬಂದು ಮುಟ್ಟಿದ್ದಳಂತೆ. ನಾನು ಆಫೀಸಿನಿಂದ ಬರುವಾಗ ನಮ್ಮ ಮನೆಯ ಒಳಗಿಂದ ರಸ್ತೆಗೆಲ್ಲ ಕೇಳುವಂತೆ ಜಗಳ ನಡೆದಿತ್ತು. ಹಿಂಡಿಪಲ್ಯಕ್ಕೆ ಅವ್ವ ಬೆಳ್ಳುಳ್ಳಿ ಜಜ್ಜಿ ಹಾಕುತ್ತಿದ್ದಳು, ಹೆಚ್ಚಿ ಅಲ್ಲ, ನೀ ತಪ್ಪು ಬರದು ಊರಿಗೆಲ್ಲ ತಪ್ಪು ತಿನ್ನಿಸೀ ಅಂತ ಒಂದು ದನಿ. ನಿನಗೇನು ಗೊತ್ತಲೇ ದಾನಿ, ಒಲಿ ಮುಂದ ಕೂಡತಿದ್ದಾಕಿ ನಾನು, ನೀ ಉಣ್ಣಾಕ ಬರತಿದ್ದಿ ಅಂತ ಇನ್ನೊಂದು. ಪಕ್ಕದ ಮನೆಯಾಕೆ ಗಾಬರಿಯಾಗಿ ಹೊರಗೆ ಬಂದು, ನಿಮ್ಮ ಅತ್ತೆಯ ಜೊತೆ ಜಗಳಾಡುತ್ತಿರುವವರು ಯಾರು ಅಂತ ನನ್ನನ್ನು ಕೇಳಿದಳು.

ಅವರ ತಂಗಿ ಅಂದೆ. ಒಳಗೆ ಹೋಗಲು ಮನಸ್ಸಾಗಲಿಲ್ಲ. ಚಪ್ಪಲಿ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತು, ಅವರ ಜಗಳ ಮುಗಿಯದೆ ಇರಲಿ ಅಂತ ಕೇಳುತ್ತ ಕೂತೆ.